ಉಪ್ಪುಗಾಳಿ, ಮಳೆಗಾಲ ಮತ್ತು ಚರ್ಮದ ಸೈಕಲ್ ಸೀಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸದಾಶಿವಗಡದಿಂದ ಕಾಳಿ ಸೇತುವೆ ದಾಟಿ ಕಾರವಾರಕ್ಕೆ ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಫೋಮಿನ ಸೀಟು ವರ್ಷ ತುಂಬುವುದರೊಳಗೆ ಕುಸಿದು ಕೂರುವ ಎಲುಬು ನೋಯುತ್ತದೆ. ಚರ್ಮದ ಸೀಟು ಹಾಕಿಸೋಣವೆಂದಿದ್ದೇನೆ. ಸಮುದ್ರದ ಗಾಳಿಗೆ ಅದು ತಾಳುತ್ತದೆಯೇ? ಯಾವ ಅಳತೆಯದು ಕೊಳ್ಳಬೇಕು?
(ಓದುಗರು, ಸದಾಶಿವಗಡ)

ಉತ್ತರ: ಚರ್ಮ ತಾಳುತ್ತದೆ. ಉಪ್ಪುಗಾಳಿಗೆ ಮೊದಲು ಸೋಲುವುದು ಅದರ ಕೆಳಗಿನ ಕಬ್ಬಿಣ: ಕಂಬಿ, ಸ್ಪ್ರಿಂಗು, ಮೂತಿಯೊಳಗೆ (ಸೀಟಿನ ಮುಂತುದಿ) ಚರ್ಮವನ್ನು ಎಳೆದು ಹಿಡಿಯುವ ಬಿಗಿ ಬೋಲ್ಟು. ಆದ್ದರಿಂದ ಅಂಗಡಿಯಲ್ಲಿ ಸೀಟನ್ನು ಮೊದಲು ತಿರುಗಿಸಿ ಹೊಟ್ಟೆ ನೋಡಿ. ತೆಳು ಕ್ರೋಮ್ ಲೇಪದ ಸ್ಪ್ರಿಂಗ್ ಕಾರವಾರದಲ್ಲಿ ಒಂದೇ ಮಳೆಗಾಲಕ್ಕೆ ಚುಕ್ಕಿ ಚುಕ್ಕಿಯಾಗಿ ತುಕ್ಕು ಕಾರಬಹುದು. ದಪ್ಪ ಕಪ್ಪು ಬಣ್ಣ ಬಳಿದ ಕಂಬಿ ವಾಸಿ, ಸ್ಟೇನ್‌ಲೆಸ್ ಸಿಕ್ಕರೆ ಇನ್ನೂ ವಾಸಿ.

ನಿಜವಾದ ಚರ್ಮದ ಸೀಟಿಗೆ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇರುವುದಿಲ್ಲ. ಸುಮಾರು 5 ಮಿ.ಮೀ. ದಪ್ಪದ ಒಂದೇ ತುಂಡು ತೊಗಲನ್ನು ಹಿಂದಿನ ಉಕ್ಕಿನ ಪಟ್ಟಿಗೂ ಮುಂದಿನ ಮೂತಿಗೂ ರಿವೆಟ್ ಹೊಡೆದು ಜೋಲಿಯಂತೆ ಎಳೆದು ಕಟ್ಟಿರುತ್ತಾರೆ. ಕೆಳಗಿನಿಂದ ಕೈಯಾಡಿಸಿದರೆ ನಾರುನಾರಾಗಿ ಒರಟಾಗಿರಬೇಕು. ಪ್ಲಾಸ್ಟಿಕ್ ಬುಡದ ಮೇಲೆ ತೆಳು ಚರ್ಮ ಅಂಟಿಸಿದ ಸೀಟೂ ‘ಲೆದರ್’ ಎಂದೇ ಮಾರಾಟವಾಗುತ್ತದೆ. ಅದು ಮೈಗೆ ಒಗ್ಗುವುದಿಲ್ಲ, ಬಿಗಿ ಮಾಡಲು ಬೋಲ್ಟೂ ಇಲ್ಲ. ಇಲ್ಲಿ ಹೇಳುವ ಆರೈಕೆ ಅದಕ್ಕಲ್ಲ.

ಅಳತೆಗೆ ಗಟ್ಟಿ ಸ್ಟೂಲಿನ ಮೇಲೆ ರಟ್ಟಿನ ಪೆಟ್ಟಿಗೆಯ ತುಂಡು ಹಾಕಿ, ಮೊಣಕಾಲು ಸ್ವಲ್ಪ ಎತ್ತಿ ಒಂದು ನಿಮಿಷ ಕೂತು ಏಳಿ. ಎರಡು ತಗ್ಗು ಮೂಡುತ್ತವೆ. ಅವುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದು 50 ಮಿ.ಮೀ. ಸೇರಿಸಿ. ಸೀಟಿನ ಹಿಂಭಾಗ ಅದಕ್ಕಿಂತ ಕಿರಿದಾದರೆ ಎಲುಬು ಚರ್ಮದ ಬದಲು ಉಕ್ಕಿನ ಅಂಚಿನ ಮೇಲೆ ಕೂರುತ್ತದೆ. ಇಂಗ್ಲೆಂಡಿನ ಬ್ರೂಕ್ಸ್ (1866ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದದ್ದು) ಮಾಡುವ ಬಿ17 ಸುಮಾರು 170 ಮಿ.ಮೀ. ಅಗಲ. ಮುಂದೆ ಬಾಗಿ ತುಳಿಯುವವರಿಗೆ ಅದು ಸರಿ. ನಿಮ್ಮ ಹ್ಯಾಂಡಲ್ ಸೀಟಿಗಿಂತ ಎತ್ತರವಿದ್ದು ನೆಟ್ಟಗೆ ಕೂರುವಿರಾದರೆ 200 ಮಿ.ಮೀ. ದಾಟಿದ, ಸ್ಪ್ರಿಂಗ್ ಇರುವ ಬಿ67ರಂಥದ್ದು ಬೇಕು. ನೆಟ್ಟಗೆ ಕೂತಾಗ ಭಾರವೆಲ್ಲ ಸೀಟಿನ ಮೇಲೇ ಬೀಳುತ್ತದೆ. ಅಂಥವರು ಬಿ17 ಕೊಂಡು ಆಮೇಲೆ ಚರ್ಮವನ್ನು ಬಯ್ಯುವುದುಂಟು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲೇ ಸೈಕಲ್ ನಿಲ್ಲಿಸಬೇಕಾದವರು ಚರ್ಮದ ಆಸೆ ಬಿಡುವುದು ಒಳ್ಳೆಯದು. ಅದೇ ಜೋಲಿ ವಿನ್ಯಾಸದಲ್ಲಿ ರಬ್ಬರಿನ ಮೇಲೆ ಹತ್ತಿ ಬಟ್ಟೆ ಹೊದಿಸಿದ ಕೇಂಬಿಯಮ್ ಎಂಬ ಸೀಟು 2013ರಿಂದ ಬರುತ್ತಿದೆ. ಮಳೆಗೆ ಹೆದರುವುದಿಲ್ಲ, ಮೇಣವೂ ಬೇಡ.

ಪ್ರಶ್ನೆ: ಹೊಸ ಚರ್ಮದ ಸೀಟಿಗೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಬೇಗ ಮೆತ್ತಗಾಯಿತೆಂದು ಖುಷಿಪಟ್ಟೆ. ಈಗ ನಡುವೆ ಜೋತುಬಿದ್ದು ಎರಡೂ ಪಕ್ಕ ಅಗಲವಾಗಿ ತೊಡೆಗೆ ಉಜ್ಜುತ್ತಿದೆ. ಬೋಲ್ಟ್ ಬಿಗಿ ಮಾಡಿದರೆ ಸಾಕೇ?
(ಓದುಗರು, ಕುಮಟಾ)

ಉತ್ತರ: ಎಣ್ಣೆ ನಿಲ್ಲಿಸಿ, ಮೊದಲು ಅದು. ಈ ಸೀಟಿನ ತೊಗಲು ತೊಗಟೆ, ಕಾಯಿಗಳ ಒಗರಿನಲ್ಲಿ ಹದಮಾಡಿದ್ದು. ಗಡಸುತನವೇ ಅದರ ಬಲ. ತೆಳು ಎಣ್ಣೆ ಒಳಗಿನ ನಾರುಗಳ ನಡುವೆ ಇಳಿದು ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಆಮೇಲೆ ಕೂತಷ್ಟೂ ಚರ್ಮ ಉದ್ದವಾಗುತ್ತ ಹೋಗುತ್ತದೆ. ಇಳಿದ ಎಣ್ಣೆಯನ್ನು ಪೂರ್ತಿ ಹೊರಗೆ ತೆಗೆಯಲಾಗದು. ಹಳೆಯ ಹತ್ತಿ ಬಟ್ಟೆಯನ್ನು ಅಡಿಗೂ ಮೇಲಿಗೂ ಒತ್ತಿ ಕಟ್ಟಿ, ದಿನಕ್ಕೊಮ್ಮೆ ಬಟ್ಟೆ ಬದಲಿಸುತ್ತ ಒಂದು ವಾರ ಇಟ್ಟರೆ ಒಂದಿಷ್ಟು ಹೀರಿಕೊಳ್ಳುತ್ತದೆ, ಅಷ್ಟೇ.

ಬೋಲ್ಟಿನ ಕೆಲಸ ಎಚ್ಚರದ್ದು. ಮೂತಿಯ ಕೆಳಗೆ ಒಂದು ನಟ್ ಇದೆ, ಸೀಟಿನ ಜೊತೆ ಬರುವ ಚಪ್ಪಟೆ ಪಾನವೇ ಅದಕ್ಕೆ ಸರಿಹೊಂದುವುದು. ಮೂತಿ ಮುಂದಕ್ಕೆ ಸರಿಯುವ ದಿಕ್ಕಿನಲ್ಲಿ ಕಾಲು ಸುತ್ತು, ಹೆಚ್ಚೆಂದರೆ ಅರ್ಧ. ಬಳಿಕ ನೂರು ಕಿಲೋಮೀಟರಾದರೂ ತುಳಿದು ಆಮೇಲೆ ಮತ್ತೆ ನೋಡಿ. ಸರಿಯಾದ ಸೀಟಿನ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ತುಸುವೇ ತಗ್ಗಬೇಕು. ಒಂದೇ ಸಲಕ್ಕೆ ಎರಡು ಮೂರು ಸುತ್ತು ಹಾಕಿದರೆ ಎಳೆತವೆಲ್ಲ ಮೂತಿಯ ರಿವೆಟ್‌ಗಳ ಮೇಲೆ ಬಿದ್ದು ಅಲ್ಲೇ ತೊಗಲು ಹರಿಯುತ್ತದೆ. ಹರಿದರೆ ರಿಪೇರಿ ಇಲ್ಲ. ಚರ್ಮ ಒದ್ದೆಯಿದ್ದಾಗಂತೂ ಪಾನ ಮುಟ್ಟಲೇಬೇಡಿ.

ನಿಮ್ಮದು ಪಕ್ಕ ಅಗಲವಾದ ಸಮಸ್ಯೆಯಾದ್ದರಿಂದ ಬೋಲ್ಟಿಗಿಂತ ಲಾಡಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಎರಡೂ ಪಕ್ಕದ ಇಳಿಜಾರಿನಲ್ಲಿ, ಕೆಳ ಅಂಚಿನಿಂದ 15 ಮಿ.ಮೀ. ಮೇಲೆ, ಮೂರು ನಾಲ್ಕು ತೂತು (4 ಮಿ.ಮೀ.) ಹೊಡೆಸಿ. ಚಪ್ಪಲಿ ಹೊಲಿಯುವವರ ಪಂಚಿನಲ್ಲಿ ಎರಡು ನಿಮಿಷದ ಕೆಲಸ. ಮೊಳೆಯಿಂದ ಚುಚ್ಚಬೇಡಿ, ತೂತಿನ ಬಾಯಿ ಸೀಳುತ್ತದೆ. ಬೂಟಿನ ಲಾಡಿಯನ್ನು ಅಡ್ಡಡ್ಡ ಪೋಣಿಸಿ, ಪಕ್ಕಗಳು ಮೊದಲಿನ ಆಕಾರಕ್ಕೆ ಬರುವಷ್ಟು ಮಾತ್ರ ಎಳೆದು ಕಟ್ಟಿ.

ಪ್ರಶ್ನೆ: ಸೀಟಿನ ಜೊತೆ ಬರುವ ಡಬ್ಬಿ ಮೇಣದಲ್ಲಿ ದನದ ಕೊಬ್ಬು ಇದೆಯಂತೆ. ಮನೆಯಲ್ಲಿ ಬೇಡವೆನ್ನುತ್ತಾರೆ. ಬದಲಿಗೆ ಏನು ಹಚ್ಚಬಹುದು?
(ಓದುಗರು, ಶಿರಸಿ)

ಉತ್ತರ: ಅಂಥ ಹಲವು ಮೇಣಗಳಲ್ಲಿ ಪ್ರಾಣಿಯ ಕೊಬ್ಬು ಇರುವುದು ನಿಜ. ಕೂರುವುದೇ ತೊಗಲಿನ ಮೇಲೆ ಎಂಬ ಮಾತನ್ನು ಮನೆಯಲ್ಲಿ ಎತ್ತದಿದ್ದರಾಯಿತು. ಶಿರಸಿಯವರಿಗೆ ಬದಲಿ ಸಾಮಾನು ಕೈಯಳತೆಯಲ್ಲೇ ಇದೆ: ಜೇನುಮೇಣ ಮತ್ತು ಮುರುಗಲ ತುಪ್ಪ (ಕೋಕಂ ಬೀಜದಿಂದ ತೆಗೆದ ಕೊಬ್ಬು). ಮುರುಗಲ ತುಪ್ಪ ಸಾಧಾರಣ ಸೆಕೆಯಲ್ಲಿ ಗಟ್ಟಿಯಾಗಿಯೇ ಇರುವುದರಿಂದ ಕೊಬ್ಬರಿ ಎಣ್ಣೆಯಂತೆ ಚರ್ಮದೊಳಗೆ ಹರಿದು ಹೋಗುವುದಿಲ್ಲ.

ಮುರುಗಲ ತುಪ್ಪ 40 ಗ್ರಾಂ, ಜೇನುಮೇಣ 20 ಗ್ರಾಂ, ಹರಳೆಣ್ಣೆ 10 ಗ್ರಾಂ. ಕುದಿಯುವ ನೀರಿನ ಪಾತ್ರೆಯೊಳಗೆ ಸಣ್ಣ ಪಾತ್ರೆಯಿಟ್ಟು ಜೇನುಮೇಣವನ್ನು ಮೊದಲು ಕರಗಿಸಿ (ಅದು ಕರಗುವುದು 62ರಿಂದ 64 ಡಿಗ್ರಿಯಲ್ಲಿ), ಬಳಿಕ ಉಳಿದೆರಡು ಸೇರಿಸಿ, ಕಲಕಿ, ಅಗಲ ಬಾಯಿಯ ಡಬ್ಬಿಗೆ ಸುರಿದು ಆರಿಸಿ. ನೇರ ಉರಿಯ ಮೇಲೆ ಬೇಡ, ಮೇಣಕ್ಕೆ ಬೆಂಕಿ ಹತ್ತುತ್ತದೆ. ಇಷ್ಟು ಮಾಡಿದರೆ ಒಂದು ಸೀಟಿಗೆ ವರ್ಷಗಟ್ಟಲೆ ಸಾಕು. ಮೊದಲು ಅಡಿಭಾಗದಲ್ಲಿ ಒಂದು ಮೂಲೆಗೆ ಹಚ್ಚಿ ಮರುದಿನ ನೋಡಿ. ಬಣ್ಣ ಗಾಢವಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಹೊಸ ಸೀಟಿಗೆ ಒಮ್ಮೆ ಅಡಿಭಾಗಕ್ಕೆ ಧಾರಾಳವಾಗಿ, ಮೇಲೆ ತೆಳ್ಳಗೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒಣ ಬಟ್ಟೆಯಿಂದ ಹೊಳಪು ಬರುವವರೆಗೆ ಉಜ್ಜಿ. ನಂತರ ವರ್ಷಕ್ಕೆ ಎರಡು ಸಲ: ಮೇ ಕೊನೆಯಲ್ಲೊಮ್ಮೆ, ದೀಪಾವಳಿ ಹೊತ್ತಿಗೊಮ್ಮೆ. ಹೊಸದು ಮೈಗೆ ಒಗ್ಗಲು ಮುನ್ನೂರರಿಂದ ಐನೂರು ಕಿಲೋಮೀಟರ್ ತುಳಿಯಲೇಬೇಕು. ಮೇಣ ಹೆಚ್ಚು ಮೆತ್ತಿ ಅದನ್ನು ಬೇಗ ಮುಗಿಸಲಾಗದು.

ಪ್ರಶ್ನೆ: ಮೆತ್ತಿಯಲ್ಲಿ (ಅಟ್ಟದಲ್ಲಿ) ಇಟ್ಟಿದ್ದ ಅಜ್ಜನ ಸೈಕಲ್ಲಿನ ಚರ್ಮದ ಸೀಟಿಗೆ ಮಳೆಗಾಲದಲ್ಲಿ ಬೆಳ್ಳಗೆ ಬೂಷ್ಟು ಬಂದಿದೆ. ಒರೆಸಿದರೆ ಹೋಗುತ್ತದೆ, ಎಂಟೇ ದಿನಕ್ಕೆ ಮತ್ತೆ ಬರುತ್ತದೆ. ರಿವೆಟ್ ಸುತ್ತ ಕಪ್ಪು ಕಲೆಯೂ ಇದೆ.
(ಓದುಗರು, ಸಿದ್ದಾಪುರ)

ಉತ್ತರ: ಬೆಳ್ಳಗಿದ್ದದ್ದೆಲ್ಲ ಬೂಷ್ಟಲ್ಲ. ಬೆರಳಿನ ಬಿಸಿಗೆ ಕರಗಿ ಮಾಯವಾದರೆ ಅದು ಹಳೆಯ ಮೇಣವೇ ಮೇಲೆದ್ದು ಹೆಪ್ಪುಗಟ್ಟಿದ್ದು, ಉಜ್ಜಿದರೆ ಸಾಕು. ಕರಗದೆ ಪುಡಿಪುಡಿಯಾಗಿ ಬಂದು ಮುಗ್ಗುಲು ವಾಸನೆ ಹೊಡೆದರೆ ಬೂಷ್ಟು. ಎಂಟು ದಿನಕ್ಕೆ ಮರಳುತ್ತಿದೆಯೆಂದರೆ ನಿಮ್ಮದು ಬೂಷ್ಟೇ, ಅಡಿಭಾಗದಲ್ಲಿ ಬೇರು ಬಿಟ್ಟಿದೆ. ಮೇಲೆ ಒರೆಸಿ ಬಿಟ್ಟದ್ದಕ್ಕೇ ಅದು ಹೋಗುತ್ತಿಲ್ಲ. ಅಡಿಯ ಒರಟು ನಾರು ತೇವ ಹಿಡಿಯುತ್ತದೆ, ಗಾಳಿಯೂ ಅಲ್ಲಿ ಆಡುವುದಿಲ್ಲ.

ಸೀಟನ್ನು ಬಿಚ್ಚಿ ಅಂಗಳಕ್ಕೆ ತನ್ನಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್ಷಿನಿಂದ ಮೇಲೆ ಕೆಳಗೆ ಉಜ್ಜಿ. ಮನೆಯೊಳಗೆ ಉಜ್ಜಿದರೆ ಆ ಧೂಳೇ ಬೀಜವಾಗಿ ಎಲ್ಲೆಡೆ ಕೂರುತ್ತದೆ. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ರಿವೆಟ್‌ಗಳ ತಲೆಯ ಸುತ್ತ, ಹಿಂದಿನ ಪಟ್ಟಿಗೆ ಚರ್ಮ ತಾಗುವ ಸಂದಿಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಬಳಸಿ. ಕಬ್ಬಿಣಕ್ಕೆ ತಾಗಿದ ವಿನೆಗರನ್ನು ಕೂಡಲೇ ನೀರುಬಟ್ಟೆಯಿಂದ ಒರೆಸಿ ತೆಗೆಯಿರಿ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಎರಡು ದಿನ. ಪೂರ್ತಿ ಒಣಗಿದ ಮೇಲಷ್ಟೇ ತೆಳ್ಳಗೆ ಮೇಣ. ಒದ್ದೆಯ ಮೇಲೆ ಮೇಣ ಹಚ್ಚಿದರೆ ನೀರು ಒಳಗೇ ಸಿಕ್ಕಿಕೊಂಡು ಬೂಷ್ಟಿಗೆ ಹಬ್ಬ.

ಕಪ್ಪು ಕಲೆ ಬೂಷ್ಟಿನದಲ್ಲ. ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಾಗುವುದನ್ನು ನೀವು ದಿನಾ ನೋಡುತ್ತೀರಿ. ಇದೂ ಅದೇ: ಚರ್ಮದಲ್ಲಿರುವ ಒಗರು ನೀರಿನಲ್ಲಿ ಕಬ್ಬಿಣಕ್ಕೆ ತಾಗಿ ಕಪ್ಪಾದದ್ದು. ಹೋಗುವುದಿಲ್ಲ. ಕಲೆಯಿರುವ ಕಡೆ ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಿದ್ದರೆ ಬಿಟ್ಟುಬಿಡಿ, ಪುಡಿಯುದುರಿದರೆ ತುಕ್ಕು ತೊಗಲನ್ನು ತಿಂದಿದೆ, ಆ ಸೀಟಿನ ಮೇಲೆ ಭಾರ ಹಾಕಬೇಡಿ.

ಮಳೆಗಾಲಕ್ಕೆ ಎತ್ತಿಡುವಾಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬಾರದು. ಹತ್ತಿ ಬಟ್ಟೆಯಲ್ಲಿ ಸುತ್ತಿ, ಜನ ಓಡಾಡುವ ಕೋಣೆಯಲ್ಲಿ ಗೋಡೆಗೆ ತಾಗದಂತೆ ತೂಗುಹಾಕಿ. ಮೆತ್ತಿಯಲ್ಲಿ ಹೊಗೆಯಾಡುತ್ತಿದ್ದ ಕಾಲದಲ್ಲಿ ಅಲ್ಲಿ ಬೂಷ್ಟು ಕಡಿಮೆಯಿತ್ತು. ಈಗ ಗ್ಯಾಸು ಬಂದ ಮೇಲೆ ಮೆತ್ತಿ ಬರೀ ತೇವದ ಜಾಗ.

ಪ್ರಶ್ನೆ: ದೇವಿಮನೆ ಘಟ್ಟ ಇಳಿಯುವಾಗ ಮಳೆ ಹಿಡಿದು ಸೀಟು ಪೂರ್ತಿ ನೆನೆಯಿತು. ಬಚ್ಚಲ ಒಲೆಯ ಹತ್ತಿರ ಇಟ್ಟು ಒಣಗಿಸಬಹುದೇ?
(ಓದುಗರು, ಶಿರಸಿ)

ಉತ್ತರ: ಬೇಡ. ಒದ್ದೆ ಚರ್ಮ ಬಿಸಿಗೆ ಮುರುಟಿಕೊಂಡು ಹಲಗೆಯಂತಾಗುತ್ತದೆ, ಮತ್ತೆ ಮೊದಲಿನಂತಾಗದು. ಬಿಸಿಲು, ಹೇರ್ ಡ್ರೈಯರ್ ಕೂಡ ಬೇಡ. ಹಳೆಯ ಪೇಪರನ್ನು ಅಡಿಗೆ ತುರುಕಿ, ಒದ್ದೆಯಾದಂತೆ ಬದಲಿಸುತ್ತ ನೆರಳಲ್ಲಿ ಒಣಗಲು ಬಿಡಿ. ಮಳೆಗಾಲದಲ್ಲಿ ಎರಡು ಮೂರು ದಿನ ಹಿಡಿದೀತು. ಅಲ್ಲಿಯವರೆಗೆ ಅದರ ಮೇಲೆ ಕೂರಬಾರದು, ನೆನೆದ ಚರ್ಮ ಕೂತ ಆಕಾರಕ್ಕೆ ಜಗ್ಗಿ ಹಾಗೇ ನಿಲ್ಲುತ್ತದೆ. ಹೋಗಲೇಬೇಕಾದರೆ ಆ ದಿನಗಳಿಗೆ ಹಳೆಯ ಫೋಮಿನ ಸೀಟು ಹಾಕಿಕೊಳ್ಳಿ.

ಸೀಟಿನ ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿಯೂ ನೆನೆಯಿತೆಂದು ಹಲವರು ಬರೆಯುತ್ತಾರೆ. ನೀರು ಬರುವುದು ಕೆಳಗಿನಿಂದ, ಹಿಂದಿನ ಚಕ್ರ ಎರಚಿದ್ದು. ಉದ್ದನೆಯ ಮಡ್‌ಗಾರ್ಡ್ ಇಲ್ಲದ ಸೈಕಲ್ಲಿಗೆ ಈ ಸೀಟು ಹಾಕಿಸಲೇಬೇಡಿ.

ಪ್ರಶ್ನೆ: ಬಿಳಿ ಪಂಚೆಗೆ ಸೀಟಿನ ಕಂದು ಬಣ್ಣ ಹತ್ತುತ್ತಿದೆ.
(ಓದುಗರು, ಹೊನ್ನಾವರ)

ಉತ್ತರ: ಹೊಸ ಸೀಟಿನಲ್ಲಿ, ಅದರಲ್ಲೂ ಬೆವರಿಗೆ, ಕೆಲವು ತಿಂಗಳು ಹತ್ತುತ್ತದೆ. ಮೇಣ ಹಚ್ಚಿದ ಮೇಲೆ ಬಟ್ಟೆಗೆ ಏನೂ ಅಂಟದಷ್ಟು ಉಜ್ಜಿ. ಅಲ್ಲಿಯವರೆಗೆ ಕಪ್ಪು ಪ್ಯಾಂಟೇ ಗತಿ.

ಪ್ರಶ್ನೆ: ಹಳೆಯ ದೊಡ್ಡ ಸೈಕಲ್ಲಿಗೆ ಸೆಕೆಂಡ್ ಹ್ಯಾಂಡ್ ಚರ್ಮದ ಸೀಟು ಸಿಗುವುದಿದೆ. ಏನೇನು ನೋಡಬೇಕು? ಈಗಿನ ಸೀಟು ಕೂತಾಗಲೆಲ್ಲ ಕಿರ್ರೆನ್ನುತ್ತದೆ, ಹೊಸದೂ ಹಾಗೇ ಆಗುತ್ತದೆಯೇ?
(ಓದುಗರು, ಅಂಕೋಲಾ)

ಉತ್ತರ: ಮೊದಲು ಬಿಗಿ ಬೋಲ್ಟ್ ನೋಡಿ. ಎಳೆಯಲು ಅದರ ಮೇಲೆ ಇನ್ನು ತಿರುಪಿನ ದಾರ ಉಳಿದಿಲ್ಲವೆಂದರೆ ಚರ್ಮ ತನ್ನ ಆಯುಸ್ಸೆಲ್ಲ ಜಗ್ಗಿ ಮುಗಿಸಿದೆ, ಪುಕ್ಕಟೆ ಕೊಟ್ಟರೂ ಬೇಡ. ಬೋಲ್ಟ್ ತುಕ್ಕಿಗೆ ಕಚ್ಚಿಕೊಂಡಿದ್ದರೂ ಬೇಡ. ರಿವೆಟ್‌ಗಳ ಸುತ್ತ ಕೂದಲೆಳೆಯ ಬಿರುಕಿದ್ದರೆ ಅದು ಬೆಳೆಯುತ್ತದೆ. ಒಣಗಿ ಗಡುಸಾಗಿ ಬಿರುಕಿಲ್ಲದಿದ್ದರೆ ಧೈರ್ಯವಾಗಿ ಕೊಳ್ಳಿ, ವಾರಕ್ಕೊಮ್ಮೆಯಂತೆ ಮೂರು ಸಲ ಅಡಿಗೆ ಮೇಣ ಹಚ್ಚಿದರೆ ಜೀವ ಬರುತ್ತದೆ.

ಕಂಬಿ ಎಣಿಸಿ. ಪಕ್ಕಕ್ಕೆ ಒಂದೊಂದೇ 7 ಮಿ.ಮೀ. ಕಂಬಿಯಿದ್ದರೆ ಈಗಿನ ಸೈಕಲ್ಲಿನ ಪಿಲ್ಲರಿಗೆ (ಸೀಟು ಹೊರುವ ಕೊಳವೆಗೆ) ಕೂರುತ್ತದೆ. ಪಕ್ಕಕ್ಕೆ ಎರಡೆರಡಿದ್ದರೆ ಅದಕ್ಕೆ ಬೇರೆಯದೇ ಕ್ಲಿಪ್ಪು, ಆ ಕ್ಲಿಪ್ಪನ್ನೂ ಮಾರುವವರಿಂದಲೇ ಕೇಳಿ ತೆಗೆದುಕೊಳ್ಳಿ. ನಿಮ್ಮ ಪಿಲ್ಲರಿನ ತುದಿ ಹಳೆಯ ಕ್ರಮದ 22.2 ಮಿ.ಮೀ. ಇದ್ದರೆ ಕ್ಲಿಪ್ಪು ನೇರವಾಗಿ ಕೂರುತ್ತದೆ. ಕ್ಲಿಪ್ಪಿನ ಹಲ್ಲು ಸವೆದಿದ್ದರೆ ಎಷ್ಟು ಬಿಗಿ ಮಾಡಿದರೂ ಸೀಟಿನ ಮೂತಿ ಮೇಲೆದ್ದು ಕೂರುತ್ತದೆ. ಕೂರಿಸುವಾಗ ಮೂತಿ ಮಟ್ಟವಾಗಿರಲಿ, ಅಥವಾ ಒಂದು ಕಾಳಿನಷ್ಟು ಮೇಲೆ. ಕೆಳಗಾದರೆ ಜಾರಿ ಜಾರಿ ಭಾರವೆಲ್ಲ ಕೈಗೆ ಬರುತ್ತದೆ.

ಕಿರ್ರೆನ್ನುವುದು ಹೆಚ್ಚಾಗಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ. ಸ್ಪ್ರಿಂಗಿನ ಬುಡಕ್ಕೂ, ಕಂಬಿ ಮೂತಿಯೊಳಗೆ ಸೇರುವಲ್ಲಿಗೂ ಒಂದೊಂದು ಹನಿ ಮೆಷಿನ್ ಎಣ್ಣೆ ಕಡ್ಡಿಯ ತುದಿಯಿಂದ ಬಿಟ್ಟು, ಹೆಚ್ಚಾದದ್ದನ್ನು ಚರ್ಮಕ್ಕೆ ತಾಗುವ ಮೊದಲೇ ಒರೆಸಿ. ಅಂಕೋಲೆಯ ಕಡಲಗಾಳಿಗೆ ಇಷ್ಟೇ ಸಾಲದು: ತಿಂಗಳಿಗೊಮ್ಮೆ ಕಂಬಿ, ಸ್ಪ್ರಿಂಗ್‌ಗಳನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಎಣ್ಣೆ ಬಟ್ಟೆ ಆಡಿಸಿ. ಬಿಗಿ ಬೋಲ್ಟಿನ ದಾರಕ್ಕೆ ವರ್ಷಕ್ಕೊಮ್ಮೆ ಗ್ರೀಸ್.