ಹಾರಿದ ಗಂಟೆ ಕಡಿಮೆ, ಆದರೂ ಮುದಿ ವಿಮಾನ

ಕಾಡ್ಗಿಚ್ಚಿನ ಮೇಲೆ ಬೆಂಕಿ ತಡೆಯುವ ದ್ರಾವಣ ಸುರಿಯುವ ಹಳೆಯ ವಿಮಾನಗಳ ಬಗ್ಗೆ ನಮ್ಮ ಲೇಖನ ನಿಮಗೆ ಹಿಡಿಸಿಲ್ಲ. ‘ಚೆನ್ನಾಗಿ ನೋಡಿಕೊಂಡರೆ ಹಳೆ ವಿಮಾನಕ್ಕೇನು ಧಾಡಿ? ವರ್ಷದಲ್ಲಿ ಕೆಲವೇ ತಿಂಗಳು ಹಾರುವಂಥದ್ದು. ಸುಮ್ನೆ ಹೆದರಿಸಬೇಡಿ’ ಎಂದು ಬರೆದಿದ್ದೀರಿ.

ವಯಸ್ಸೊಂದೇ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಕೆಲವೇ ತಿಂಗಳು ಹಾರುತ್ತದೆ ಎಂಬ ಲೆಕ್ಕ ನಂಬುವಂಥದ್ದಲ್ಲ. ಸರಕು ಸಾಗಿಸುವಾಗಿನ ಒಂದು ಗಂಟೆಯೂ ಬೆಂಕಿಯ ಮೇಲಿನ ಒಂದು ಗಂಟೆಯೂ ಒಂದೇ ಅಲ್ಲ. ಬೆಟ್ಟದ ಇಳಿಜಾರಿನಲ್ಲಿ, ಮರಗಳ ಮೇಲೆಯೇ ಹಾರಬೇಕು. ಬೆಂಕಿಯ ಬಿಸಿಗಾಳಿ ಕೆಳಗಿನಿಂದ ಎತ್ತಿ ಎಸೆಯುತ್ತದೆ. ಟನ್ನುಗಟ್ಟಲೆ ಭಾರ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಈ ಎಳೆತವನ್ನೆಲ್ಲ ತಾಳಬೇಕಾದ್ದು ರೆಕ್ಕೆ.

2002ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ವಾಕರ್ ಬಳಿ ಸಿ-130ಎ ಎಂಬ ಹಳೆಯ ಸೇನಾ ಸರಕು ವಿಮಾನ ದ್ರಾವಣ ಸುರಿಯುತ್ತಿದ್ದಾಗಲೇ ಅದರ ರೆಕ್ಕೆಗಳು ಕಿತ್ತುಬಂದವು. ಮೂವರು ಸತ್ತರು. ಮರುತಿಂಗಳೇ ಕೊಲೊರಾಡೊದಲ್ಲಿ ಎರಡನೇ ಮಹಾಯುದ್ಧದ ಕಾಲದ ಪ್ರೈವೇಟಿಯರ್ ವಿಮಾನದ ಎಡರೆಕ್ಕೆ ಕಳಚಿತು. ಇಬ್ಬರು ಹೋದರು. ಎರಡರಲ್ಲೂ ಲೋಹ ದಣಿದು ಬಿರುಕು ಬಿಟ್ಟಿತ್ತು. ವಾಕರ್ ವಿಮಾನದ ಬಿರುಕು ರಿವೆಟ್ ತೂತುಗಳಿಂದ ಹುಟ್ಟಿ, ಗಟ್ಟಿಯಾಗಲೆಂದು ಹಾಕಿದ್ದ ತಗಡಿನ ಅಡಿಯಲ್ಲೇ ಬೆಳೆದಿತ್ತು. ಟಾರ್ಚ್ ಹಿಡಿದು ಹುಡುಕಿದರೆ ಕಾಣುವಂಥದ್ದಲ್ಲ. ಇದಾದ ಮೇಲೆ 1994ರಲ್ಲಿ ಕ್ಯಾಲಿಫೋರ್ನಿಯಾದ ಪಿಯರ್‌ಬ್ಲಾಸಮ್ ಬಳಿ ಬಿದ್ದಿದ್ದ ಇನ್ನೊಂದು ಸಿ-130ಎಯ ಅವಶೇಷಗಳನ್ನು ಮತ್ತೆ ನೋಡಿದರು. ಅಲ್ಲೂ ಅಂಥದೇ ಬಿರುಕು! ಎಂಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ.

‘ಚೆನ್ನಾಗಿ ನೋಡಿಕೊಂಡರೆ’ ಎಂಬ ನಿಮ್ಮ ಮಾತಿಗೆ ಬರೋಣ. ಮೆಕ್ಯಾನಿಕ್‌ಗಳು ಸೋಮಾರಿಗಳಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಅವರ ಕೈಯಲ್ಲಿದ್ದ ತಪಾಸಣೆ ಪಟ್ಟಿಯಲ್ಲೇ ಕೊರತೆಯಿತ್ತು. ವಿಮಾನದ ವಯಸ್ಸನ್ನಾಗಲಿ, ಬೆಂಕಿಯ ಮೇಲೆ ಹಾರುವಾಗಿನ ಹೆಚ್ಚಿನ ಒತ್ತಡವನ್ನಾಗಲಿ ಅದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎಲ್ಲಿ, ಎಷ್ಟು ದಿನಕ್ಕೊಮ್ಮೆ, ಯಾವ ಉಪಕರಣದಿಂದ ನೋಡಬೇಕು ಎಂದು ಪಟ್ಟಿ ಹೇಳದಿದ್ದರೆ ಒಳ್ಳೆಯ ಮೆಕ್ಯಾನಿಕ್ ಕೂಡ ಏನು ಮಾಡಿಯಾನು?

ಇನ್ನು ಹೊಣೆ ಯಾರದು? ಸರ್ಕಾರಿ ಕೆಲಸಕ್ಕೆ ಹಾರುವಾಗ ಇವು ‘ಸಾರ್ವಜನಿಕ ವಿಮಾನ’ಗಳು. ಹಾಗಾಗಿ ವಿಮಾನಯಾನ ಇಲಾಖೆಯ ಮಾಮೂಲಿ ಹಿಡಿತಕ್ಕೆ ಸಿಗುವುದಿಲ್ಲ. ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟ ಅಮೆರಿಕದ ಅರಣ್ಯ ಸೇವೆ ಇಲಾಖೆಯ ಬಳಿ ಇವುಗಳನ್ನು ಪರೀಕ್ಷಿಸುವ ತಜ್ಞರೂ ಸಾಕಷ್ಟಿರಲಿಲ್ಲ. ನನಗೆ ಬಿರುಕಿಗಿಂತ ಜಾಸ್ತಿ ಸಿಟ್ಟು ಬರಿಸುವುದು ಈ ಸಂದು. 2004ರಲ್ಲಿ ಅಪಘಾತ ತನಿಖಾ ಮಂಡಳಿ ‘ಹೊಣೆ ನಿಮ್ಮದೇ’ ಎಂದು ಗುತ್ತಿಗೆ ಕೊಡುವ ಇಲಾಖೆಗಳಿಗೆ ನೇರವಾಗಿ ಹೇಳಿತು. ಮೇ ತಿಂಗಳಲ್ಲಿ 33 ದೊಡ್ಡ ವಿಮಾನಗಳ ಗುತ್ತಿಗೆ ರದ್ದಾಯಿತು.

ನಿಮ್ಮ ವಾದಕ್ಕೆ ಬಲ ಕೊಡುವ ಸಂಗತಿಯೂ ಒಂದಿದೆ. ಪಿ-3 ಎಂಬ, ಮೊದಲು ನೌಕಾಪಡೆಯಲ್ಲಿದ್ದ ಕೆಲವು ಹಳೆಯ ವಿಮಾನಗಳು, ದಾಖಲೆಗಳ ಪರಿಶೀಲನೆ ಮುಗಿದ ಮೇಲೆ, ಅದೇ ವರ್ಷ ಕೆಲಸಕ್ಕೆ ಮರಳಿದವು. ಅಂದರೆ ಹಳೆಯದೂ ಹಾರಬಹುದು, ಪುರಾವೆ ಇದ್ದರೆ. ಆದರೆ ಒಪ್ಪಿಕೊಂಡ ತಪಾಸಣೆಗಳನ್ನು ಪೂರ್ತಿ ಮಾಡಿಲ್ಲವೆಂದು 2011ರಲ್ಲಿ ಪಿ-3ಗಳ ಗುತ್ತಿಗೆಯನ್ನೂ ಅರಣ್ಯ ಸೇವೆ ಕಿತ್ತುಹಾಕಿತು.