ಮಂಡೇಲಾ ಹೊರಬಂದ ಮೇಲೂ ದಿಗ್ಬಂಧನ ಬೇಕಿತ್ತಾ?

ಪ್ರಶ್ನೆ: ಸರ್, ನಮ್ಮದು ಸಣ್ಣ ಕಾಫಿ ತೋಟ. ರಫ್ತು ನಿಂತು ರೇಟು ಬಿದ್ದರೆ ಮೊದಲು ಪೆಟ್ಟು ಬೀಳೋದು ಲೈನ್ ಮನೆಯ ಕೂಲಿಯವರಿಗೆ. ಬಿಳಿಯರ ಸರ್ಕಾರದ ವರ್ಣಭೇದ ನೀತಿಗಾಗಿ ದಕ್ಷಿಣ ಆಫ್ರಿಕಾದ ಮೇಲೆ ಹೇರಿದ್ದ ವ್ಯಾಪಾರ ದಿಗ್ಬಂಧನದಿಂದಲೂ ಕಪ್ಪು ಕೂಲಿಕಾರರೇ ಜಾಸ್ತಿ ಕಷ್ಟಪಟ್ಟಿರಬೇಕು ಅಲ್ವಾ? ಹಾಗಿದ್ದೂ ಜೈಲಿಂದ ಬಂದ ಮಂಡೇಲಾ ಅದನ್ನು ತೆಗೀಬೇಡಿ ಅಂದದ್ದು ಯಾಕೆ?
– ಬೆಳೆಗಾರರೊಬ್ಬರು, ಸುಂಟಿಕೊಪ್ಪ

ಉತ್ತರ: ಕಷ್ಟಪಟ್ಟರು, ನಿಜ. ಆದರೆ ದಿಗ್ಬಂಧನ ಬೇಕು ಅಂತ ಕೇಳಿದವರೂ ಅವರೇ. 1959ರಲ್ಲೇ ಮಂಡೇಲಾ ಅವರ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧ್ಯಕ್ಷ ಆಲ್ಬರ್ಟ್ ಲುಥುಲಿ, ನಮ್ಮ ದೇಶದ ಮಾಲು ಕೊಳ್ಳಬೇಡಿ, ಇದರಿಂದ ನಮ್ಮ ಜನಕ್ಕೂ ತೊಂದರೆಯಾಗುತ್ತೆ, ಆದರೂ ರಕ್ತಪಾತ ಬೇಗ ನಿಲ್ಲುವುದಾದರೆ ಸಹಿಸ್ತೀವಿ ಅಂತ ಹೊರದೇಶದವರಲ್ಲಿ ಬೇಡಿಕೊಂಡಿದ್ದರು. ಕೂಲಿಕಾರರ ಹೆಸರು ಹೇಳಿ ದಿಗ್ಬಂಧನ ಬೇಡ ಅಂದ ಎಷ್ಟೋ ಸರ್ಕಾರಗಳು ಆ ಕೂಲಿಕಾರರ ಮಾತನ್ನೇ ಕೇಳಲಿಲ್ಲ, ನನಗೆ ಸಿಟ್ಟು ಬರೋದು ಇಲ್ಲೇ.

ಕೇಳಿಸಿಕೊಂಡವರೂ ಇದ್ದರು. 1984ರಲ್ಲಿ ಡಬ್ಲಿನ್‌ನ ಅಂಗಡಿಯೊಂದರ ಬಿಲ್ ಕೌಂಟರ್‌ನಲ್ಲಿದ್ದ 21 ವರ್ಷದ ಹುಡುಗಿ, ದಕ್ಷಿಣ ಆಫ್ರಿಕಾದ ಹಣ್ಣಿಗೆ ಬಿಲ್ ಹಾಕಲ್ಲ ಅಂದಳು. ಅವಳನ್ನು ಸಸ್ಪೆಂಡ್ ಮಾಡಿದರು, ಜೊತೆಯವರೂ ಹೊರಗೆ ಬಂದರು, ಮುಷ್ಕರ ಎರಡು ವರ್ಷಕ್ಕೂ ಮೀರಿ ನಡೆಯಿತು. ಅವರೆಲ್ಲ ಸಂಬಳ ನಂಬಿ ಬದುಕುವವರು. ಕೊನೆಗೆ 1987ರಲ್ಲಿ ಐರ್ಲೆಂಡಿಗೆ ಆ ದೇಶದ ಹಣ್ಣು ತರಕಾರಿ ಬರುವುದೇ ನಿಂತಿತು. ನಮ್ಮ ದೇಶವಂತೂ ಸ್ವಾತಂತ್ರ್ಯಕ್ಕೂ ಮೊದಲೇ, 1946ರಲ್ಲೇ, ಅವರ ಜೊತೆ ವ್ಯಾಪಾರ ಬಿಟ್ಟಿತ್ತು.

ಇನ್ನು ಮಂಡೇಲಾ ಮಾತು. 1990ರ ಫೆಬ್ರವರಿ 11ಕ್ಕೆ ಅವರು ಹೊರಬಂದರು, ಸರಿ. ಕಪ್ಪು ಜನಕ್ಕೆ ಓಟು ಬಂತಾ? ಇಲ್ಲ. ಯಾವ ಬಣ್ಣದವರು ಎಲ್ಲಿ ವಾಸಿಸಬೇಕು ಅಂತ ಹೇಳುವ ಕಾನೂನು ಹಾಗೇ ಇತ್ತು, ಅದು ಹೋದದ್ದು 1991ರಲ್ಲಿ. ಆದರೂ ಬ್ರಿಟನ್ನಿನ ಥ್ಯಾಚರ್ ಸರ್ಕಾರ ಮಂಡೇಲಾ ಹೊರಬಂದ ತಿಂಗಳಲ್ಲೇ ಹೊಸ ಬಂಡವಾಳದ ಮೇಲಿನ ತಡೆ ತೆಗೆಯಿತು. 1985ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕು ಸಾಲ ಮುಂದುವರಿಸಲ್ಲ ಅಂದಾಗ ದಕ್ಷಿಣ ಆಫ್ರಿಕಾದ ಸರ್ಕಾರ ಎಷ್ಟು ನಲುಗಿತ್ತು ಅನ್ನೋದನ್ನು ನೋಡಿದವರು, ಬಿಳಿಯರ ಸರ್ಕಾರದ ಜೊತೆಗಿನ ಮಾತುಕತೆ ಮುಗಿಯುವ ಮೊದಲೇ ಬಿಗಿ ಸಡಿಲಿಸಿದರೆ ಮಾತುಕತೆಯೇ ನಿಂತುಹೋಗುತ್ತೆ ಅಂತ ಹೆದರಿದ್ದರಲ್ಲಿ ಏನೂ ತಪ್ಪಿಲ್ಲ. 1990ರ ಜೂನ್‌ನಲ್ಲಿ ಮಂಡೇಲಾ ಅಮೆರಿಕದ ಸಂಸತ್ತಿಗೇ ಹೋಗಿ ದಿಗ್ಬಂಧನ ಉಳಿಸಿ ಅಂತ ಕೇಳಿದರು. ಮುಂದಿನ ವರ್ಷ ಅಮೆರಿಕ ಅದನ್ನು ತೆಗೆದೇಬಿಟ್ಟಿತು. ನನ್ನ ಪ್ರಕಾರ ಅದು ಆತುರ. ಚುನಾವಣೆಗೆ ದಾರಿ ಗಟ್ಟಿಯಾದ ಮೇಲೆ, 1993ರ ಸೆಪ್ಟೆಂಬರ್ 24ರಂದು, ಮಂಡೇಲಾ ತಾವೇ ವಿಶ್ವಸಂಸ್ಥೆಯಲ್ಲಿ ನಿಂತು ಇನ್ನು ದಿಗ್ಬಂಧನ ತೆಗೀರಿ ಅಂದರು. 1994ರ ಏಪ್ರಿಲ್‌ನಲ್ಲಿ ಕಪ್ಪು ಜನರೂ ಓಟು ಹಾಕಿದರು.

ಪ್ರಶ್ನೆ: 1974ರಲ್ಲಿ ಭಾರತ ದಕ್ಷಿಣ ಆಫ್ರಿಕಾದ ಎದುರಿನ ಡೇವಿಸ್ ಕಪ್ ಟೆನಿಸ್ ಫೈನಲ್ ಆಡದೆ ಬಿಟ್ಟದ್ದು ಆಟಗಾರರಿಗೆ ಅನ್ಯಾಯ ಅಲ್ವಾ?
– ಹಾಕಿ ಆಡುವ ವಿದ್ಯಾರ್ಥಿ, ಪೊನ್ನಂಪೇಟೆ

ಉತ್ತರ: ಫೈನಲ್ ಬಿಟ್ಟುಕೊಡುವ ಸಂಕಟ ನಿಮಗೆ ಹೇಳಿಕೊಡಬೇಕಾಗಿಲ್ಲ. ಅಮೃತರಾಜ್ ಸಹೋದರರು ಒಳ್ಳೆ ಫಾರ್ಮಿನಲ್ಲಿದ್ದರು, ಕಪ್ ಸುಮ್ನೆ ದಕ್ಷಿಣ ಆಫ್ರಿಕಾಕ್ಕೆ ಹೋಯಿತು, ನಾವು ಇವತ್ತಿಗೂ ಅದನ್ನು ಗೆದ್ದಿಲ್ಲ. ಆದರೂ ಮಾಡಿದ್ದು ಸರಿ. ನಿಮ್ಮಷ್ಟೇ ಚೆನ್ನಾಗಿ ಆಡುವ ಕಪ್ಪು ಹುಡುಗರಿಗೆ ಆ ದೇಶದಲ್ಲಿ ಬಿಳಿಯರ ಮೈದಾನಕ್ಕೆ ಕಾಲಿಡಲೂ ಬಿಡುತ್ತಿರಲಿಲ್ಲ.