ಚಿಕ್ಕ ಸಮುದಾಯದ ಕ್ರಿಯೋಲ್ ಭಾಷೆ (ಬೇರೆ ಬೇರೆ ಭಾಷೆಗಳು ಬೆರೆತು ಹುಟ್ಟಿ, ಒಂದು ಸಮುದಾಯದ ತಾಯ್ನುಡಿಯಾದ ಭಾಷೆ) ವಲಸೆಯ ನಂತರವೂ ಮಕ್ಕಳಿಗೆ ದಾಟುವುದು ಹೇಗೆ?

ಮಲೇಷ್ಯಾದ ಬಂದರು ಪಟ್ಟಣ ಮಲಾಕ್ಕಾದ ಕ್ರಿಸ್ತಾಂಗ್ ಭಾಷೆಯನ್ನೇ ನೋಡಬಹುದು. 1511ರಲ್ಲಿ ಪೋರ್ಚುಗೀಸರು ಆ ಬಂದರನ್ನು ಗೆದ್ದ ಮೇಲೆ ಸ್ಥಳೀಯರೊಂದಿಗಿನ ವಿವಾಹ ಹಾಗೂ ವ್ಯಾಪಾರದಿಂದ ಹುಟ್ಟಿದ ಈ ಭಾಷೆಯ ಶಬ್ದಗಳು ಬಹುಪಾಲು ಪೋರ್ಚುಗೀಸ್ ಮೂಲದವು. ವ್ಯಾಕರಣ ಮಾತ್ರ ಮಲಯ್ ಭಾಷೆಗೆ ಹತ್ತಿರ. ಕ್ರಿಯಾಪದದ ರೂಪ ಬದಲಾಗುವುದಿಲ್ಲ: 'ಯೊ ಜಾ ಕುಮಿ' ಎಂದರೆ ನಾನು ತಿಂದೆ, 'ಯೊ ತಾ ಕುಮಿ' ಎಂದರೆ ತಿನ್ನುತ್ತಿದ್ದೇನೆ.

1641ರಲ್ಲಿ ಡಚ್ಚರು ಊರನ್ನು ವಶಪಡಿಸಿಕೊಂಡ ಮೇಲೂ ಭಾಷೆ ಅಳಿಯಲಿಲ್ಲ; ಕ್ಯಾಥೊಲಿಕ್ ಆಚರಣೆ ಮತ್ತು ಒಂದೇ ಕೇರಿಯ ಬದುಕು ಅದನ್ನು ಹಿಡಿದಿಟ್ಟವು. ನಿಜವಾದ ಪೆಟ್ಟು ಬಿದ್ದದ್ದು ಬ್ರಿಟಿಷರ ಕಾಲದ ಇಂಗ್ಲಿಷ್ ಶಾಲೆಗಳಿಂದ. ಕ್ರಿಸ್ತಾಂಗ್ 'ಕೆಟ್ಟ ಪೋರ್ಚುಗೀಸ್' ಎಂಬ ಕೀಳರಿಮೆಯೂ ಸೇರಿಕೊಂಡು, ನೌಕರಿಯ ದೃಷ್ಟಿಯಿಂದ ಹೆತ್ತವರು ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತನಾಡತೊಡಗಿದರು. ಸಿಂಗಾಪುರಕ್ಕೂ ಆಸ್ಟ್ರೇಲಿಯಾದ ಪರ್ತ್‌ಗೂ ವಲಸೆ ಹೋದ ಕುಟುಂಬಗಳಲ್ಲಿ ನೆರೆಹೊರೆಯ ಆಸರೆಯೂ ತಪ್ಪಿತು.

ಬ್ರಾನ್ಯೊ ಕುಣಿತ, ಜೂನ್ ತಿಂಗಳ ಸ್ಯಾನ್ ಪೆದ್ರೊ ಹಬ್ಬ ಸಮುದಾಯದ ಗುರುತನ್ನು ಉಳಿಸುತ್ತವೆ, ಆದರೆ ಹಬ್ಬದ ಹಾಡು ಬಾಯಿಪಾಠವಾದ ಮಾತ್ರಕ್ಕೆ ಮಗು ಮಾತು ಕಲಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಜ್ಜ-ಅಜ್ಜಿಯರು ಮೊಮ್ಮಕ್ಕಳನ್ನು ಗದರಿಸುವುದು, ಊಟಕ್ಕೆ ಕರೆಯುವುದು ಅದೇ ಭಾಷೆಯಲ್ಲಾದರೆ ಮಾತ್ರ ಅದು ದಾಟುತ್ತದೆ. ಆ ಕೊಂಡಿ ಕಳಚಿದ ಕಡೆ ನಡುವಿನ ತಲೆಮಾರು ಮೊದಲು ಕಲಿಯಬೇಕು. 2016ರಲ್ಲಿ ಸಿಂಗಾಪುರದಲ್ಲಿ ಆರಂಭವಾದ 'ಕೊದ್ರಾ ಕ್ರಿಸ್ತಾಂಗ್' ಎಂಬ ಪ್ರಯತ್ನ ವಯಸ್ಕರಿಗೆ ತರಗತಿ ನಡೆಸಿ, ಇಂದಿನ ಬದುಕಿಗೆ ಬೇಕಾದ ಹೊಸ ಪದಗಳನ್ನೂ ಕಟ್ಟಿದ್ದು ಈ ಕಾರಣಕ್ಕೇ ಮುಖ್ಯವೆನಿಸುತ್ತದೆ.